ಅರ್ಧ ಫೀಸು ಹೋಯ್ತು ಅಂತ ಬೇಜಾರು ಮಾಡ್ಕೊಂಡಿರೋ ಪುಟ್ಟನಿಗೆ

ಪುಟ್ಟ,

ನಿನ್ನ ಮೆಸೇಜು ರಾತ್ರಿನೇ ನೋಡ್ದೆ, ಆದ್ರೆ ಎರಡು ಸಾಲಲ್ಲಿ ಉತ್ತರ ಹೇಳಿ ಮುಗ್ಸೋ ವಿಷ್ಯ ಅಲ್ಲ ಅನ್ನಿಸ್ತು, ಅದಕ್ಕೆ ಬೆಳಿಗ್ಗೆ ಎದ್ದು ಮೊದ್ಲು ಇದನ್ನೇ ಬರೀತಾ ಕೂತಿದೀನಿ. ನಮ್ಮ ನೆಟ್‌ವರ್ಕ್ ಅಂದ್ರೆ ಕಂಪನಿಗಳಿಗೆ ಜನ ಹುಡುಕಿಕೊಡೋ ರೆಕ್ರೂಟರ್‌ಗಳ ಕೂಟ, ಒಬ್ಬರ ಕ್ಲೈಂಟ್ ಕಂಪನಿಗೆ ಇನ್ನೊಬ್ಬರು ಕ್ಯಾಂಡಿಡೇಟ್ ಕೊಟ್ರೆ ಫೀಸು ಅರ್ಧರ್ಧ. ಅದನ್ನ ಸೇರಿ ಎಂಟು ತಿಂಗಳಾಯ್ತು, ಒಬ್ಬನನ್ನ ಕೆಲಸಕ್ಕೆ ಸೇರಿಸಿದ್ದು ಬಿಟ್ರೆ ಬೇರೆ ಪ್ಲೇಸ್‌ಮೆಂಟು ಆಗಿಲ್ಲ, ಅದ್ರಲ್ಲೂ ಅರ್ಧ ಫೀಸು ಕ್ಯಾಂಡಿಡೇಟ್ ಕೊಟ್ಟ ಪಾರ್ಟ್‌ನರ್‌ಗೆ ಹೋಯ್ತು, ಕ್ಲೈಂಟ್ ಹಿಡಿದಿದ್ದು ನಾನು, ಹಿಂದೆ ಬಿದ್ದಿದ್ದು ನಾನು, ಇದಕ್ಕೆ ಮೆಂಬರ್‌ಶಿಪ್ ಬೇರೆ ಕಟ್ಬೇಕಾ ದೊಡ್ಡಮ್ಮ, ಮುಂದಿನ ವರ್ಷ ರಿನ್ಯೂ ಮಾಡಲ್ಲ ಅಂತ ಬರ್ದಿದೀಯ. ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ ಕಣೋ. ಮೊದಲ್ನೇ ಸಲ ಪಾರ್ಟ್‌ನರ್ ಪಾಲು ಕಳಿಸುವಾಗ ನಂಗೂ ಹೊಟ್ಟೆ ಉರಿದಿತ್ತು, ರಾತ್ರಿ ಎಲ್ಲಾ ಲೆಕ್ಕ ಹಾಕ್ತಾ ಕೂತಿದ್ದೆ.

ಆದ್ರೆ ನೀನು ಹಾಕಿರೋ ಲೆಕ್ಕದಲ್ಲಿ ಒಂದು ತಪ್ಪಿದೆ. ಆ ಫೀಸು ಪೂರ್ತಿ ನಿಂದಾಗಿತ್ತು, ಅದ್ರಲ್ಲಿ ಅರ್ಧ ಬಿಟ್ಟುಕೊಟ್ಟೆ ಅಂತ ಲೆಕ್ಕ ಹಾಕಿದೀಯ. ಆ ಪಾರ್ಟ್‌ನರ್ ಇಲ್ದೇ ಹೋಗಿದ್ರೆ ಆ ಸೀಟು ತುಂಬ್ತಾನೇ ಇರ್ಲಿಲ್ಲ, ಎರಡು ತಿಂಗಳು ನಿನ್ನ ಹತ್ರ ಕ್ಯಾಂಡಿಡೇಟೇ ಇರ್ಲಿಲ್ಲ ಅಂತ ನೀನೇ ಹೇಳಿದ್ದೆ. ಒಂದು ವರ್ಷಕ್ಕೆ ಹತ್ತು ಜಾಬ್ ಆರ್ಡರ್, ಅಂದ್ರೆ ಈ ಸೀಟಿಗೆ ಜನ ಹುಡುಕಿಕೊಡಿ ಅನ್ನೋ ಕ್ಲೈಂಟ್ ಕೋರಿಕೆ, ಸಿಕ್ತು ಅಂತಿಟ್ಕೋ, ನೀನೊಬ್ನೇ ಕೂತು ಎರಡು ಮುಗಿಸ್ತೀಯ, ಪಾರ್ಟ್‌ನರ್‌ಗಳ ಜೊತೆ ಸೇರಿ ಇನ್ನೊಂದು ಮೂರು ಮುಗಿದ್ರೆ ಅದ್ರಲ್ಲಿ ನಿಂಗೆ ಒಂದೂವರೆ ಫೀಸು, ಒಟ್ಟು ಮೂರೂವರೆ. ಇದಿಷ್ಟೇ ಅಲ್ಲ, ಆ ಮೂರು ಕ್ಲೈಂಟ್‌ಗಳು ಇವನಿಗೆ ಹೇಳಿದ್ರೆ ಕೆಲಸ ಆಗುತ್ತೆ ಅಂತ ಮುಂದಿನ ಸಲವೂ ನಿಂಗೇ ಫೋನ್ ಮಾಡ್ತಾರೆ. ಇನ್ನು ನಿನ್ನ ಹತ್ರ ಸುಮ್ನೆ ಬಿದ್ದಿರೋ ಒಳ್ಳೊಳ್ಳೆ ರೆಸ್ಯೂಮೆಗಳು, ನಿನ್ನ ಯಾವ ಕ್ಲೈಂಟ್‌ಗೂ ಬೇಡ್ದೇ ಇರೋವು, ಅವು ಬೇರೆ ಪಾರ್ಟ್‌ನರ್‌ಗಳ ಆರ್ಡರ್‌ಗೆ ಹೋಗಿ ಕೂತ್ರೆ ಆ ಅರ್ಧವೂ ಬರುತ್ತೆ, ಅದನ್ನ ನೀನು ಇನ್ನೂ ಶುರುನೇ ಮಾಡಿಲ್ಲ.

ಈ ಪದ್ಧತಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಎನ್‌ಪಿಎ ವರ್ಲ್ಡ್‌ವೈಡ್ ಅಂತ ಇದೆಯಲ್ಲ, ಆ ನೆಟ್‌ವರ್ಕ್ ಶುರುವಾಗಿದ್ದು 1956ರಲ್ಲಿ, ಇಂಟರ್ನೆಟ್ ಅನ್ನೋದೇ ಇಲ್ದಿದ್ದ ಕಾಲ, ರೆಸ್ಯೂಮೆ ಅಂದ್ರೆ ಪೋಸ್ಟಲ್ಲಿ ಹೋಗೋ ಕಾಗದ. 2003ರಲ್ಲಿ ಲಿಂಕ್ಡ್‌ಇನ್ ಬಂತು, ಇನ್ನು ರೆಕ್ರೂಟರ್‌ಗಳ ಕಥೆ ಮುಗೀತು ಅಂತ ಎಷ್ಟು ಜನ ಹೇಳಿದ್ರು ಅಂದ್ರೆ ನಾನೇ ಹೆದರಿದ್ದೆ. ಏನೂ ಮುಗೀಲಿಲ್ಲ. ಹೆಸರುಗಳು ಎಲ್ಲರ ಕೈಗೂ ಸಿಕ್ವು, ಆದ್ರೆ ಆ ಹೆಸರಿನ ಮನುಷ್ಯ ಫೋನ್ ಎತ್ತಿ ಮಾತಾಡೋದು ನಂಬಿಕೆ ಇರೋರ ಹತ್ರ ಮಾತ್ರ, ಆ ನಂಬಿಕೆ ಯಾವ ಸೈಟಲ್ಲೂ ಕೊಂಡ್ಕೊಳಕ್ಕಾಗಲ್ಲ.

ಇನ್ನೊಂದು ವಿಷ್ಯ ನಂಗೆ ಬಹಳ ಇಷ್ಟ, ಹೇಳ್ಬಿಡ್ತೀನಿ. ಮಾರ್ಕ್ ಗ್ರನೊವೆಟರ್ ಅಂತ ಒಬ್ರು ಸಮಾಜಶಾಸ್ತ್ರಜ್ಞರು, ಅಮೆರಿಕದ ಬಾಸ್ಟನ್ ಪಕ್ಕದ ಒಂದು ಊರಲ್ಲಿ ಕೆಲಸ ಬದಲಾಯಿಸಿದ ಒಂದಷ್ಟು ಜನರನ್ನ ಮಾತಾಡಿಸಿ 1973ರಲ್ಲಿ ಒಂದು ಲೇಖನ ಬರೆದ್ರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನ ಆ ಪರಿಚಯದವರನ್ನ ನೀವು ಎಷ್ಟು ಸಲ ಭೇಟಿ ಆಗ್ತಿದ್ರಿ ಅಂತ ಕೇಳಿದಾಗ, ಪದೇ ಪದೇ ಅಂದೋರು ಸುಮಾರು 17 ಪರ್ಸೆಂಟ್ ಮಾತ್ರ, ಮಿಕ್ಕೋರೆಲ್ಲಾ ಆಗೊಮ್ಮೆ ಈಗೊಮ್ಮೆ, ಇಲ್ಲಾ ಅಪರೂಪಕ್ಕೆ ಅಂದಿದ್ರಂತೆ. ಯಾಕಂದ್ರೆ ನಮ್ಮ ಹತ್ತಿರದವರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ, ಹೊಸ ಸುದ್ದಿ ಬರೋದು ದೂರದಿಂದ. ನೆಟ್‌ವರ್ಕ್ ಅಂದ್ರೆ ನಂಗೆ ಇದೇ ಕಣೋ, ಬೇರೆ ಫೀಲ್ಡಲ್ಲಿ ಬೇರೆ ಜಾಗದಲ್ಲಿ ಕೂತಿರೋ ಐವತ್ತು ನೂರು ಜನ, ಅವರಿಗೆ ಗೊತ್ತಿರೋದು ನಿಂಗೆ ಗೊತ್ತಿಲ್ಲ, ನಿಂಗೆ ಗೊತ್ತಿರೋದು ಅವರಿಗೆ ಗೊತ್ತಿಲ್ಲ.

ಈಗ ನನ್ನ ತಪ್ಪೊಂದು ಹೇಳ್ತೀನಿ, ಯಾಕಂದ್ರೆ ನೀನೂ ಅದನ್ನೇ ಮಾಡ್ತಿದೀಯೇನೋ ಅಂತ ನಂಗೆ ಅನುಮಾನ. ಸೇರಿದ ಮೊದಲ ವರ್ಷ ಒಂದು ಪ್ಲಾಂಟ್ ಮ್ಯಾನೇಜರ್ ಆರ್ಡರ್ ಹಾಕಿದ್ದೆ, ಒಬ್ಬ ಪಾರ್ಟ್‌ನರ್ ಎರಡೇ ದಿನದಲ್ಲಿ ಮೂರು ಜನರನ್ನ ಕಳಿಸಿದ್ರು, ಮೂವರೂ ಚೆನ್ನಾಗಿದ್ರು, ಒಬ್ಬೊಬ್ಬರ ಬಗ್ಗೆಯೂ ಅರ್ಧ ಪುಟ ಬರೆದು ಕಳಿಸಿದ್ರು. ನಾನು ಕ್ಲೈಂಟ್‌ಗೆ ಫಾರ್ವರ್ಡ್ ಮಾಡ್ದೆ, ಕ್ಲೈಂಟ್ ಉತ್ತರ ಕೊಡ್ಲಿಲ್ಲ, ನಂಗೇ ಉತ್ತರ ಬಂದಿಲ್ಲ ಅವರಿಗೆ ಏನು ಹೇಳೋದು ಅಂತ ನಾನೂ ಸುಮ್ನಿದ್ದೆ, ಅವರು ಎರಡು ಸಲ ಮೇಲ್ ಮಾಡಿದ್ರು, ಮೂರು ವಾರ ಆಯ್ತು, ಅಷ್ಟರಲ್ಲಿ ಆ ಮೂವರಲ್ಲಿ ಬೆಸ್ಟ್ ಇದ್ದೋನು ಬೇರೆ ಕಡೆ ಜಾಯಿನ್ ಆದ. ಆ ಪಾರ್ಟ್‌ನರ್ ಜಗಳ ಆಡ್ಲಿಲ್ಲ, ದೂರೂ ಕೊಡ್ಲಿಲ್ಲ. ನಂಗೆ ಕ್ಯಾಂಡಿಡೇಟ್ ಕಳಿಸೋದು ನಿಲ್ಲಿಸಿದ್ರು, ಅಷ್ಟೇ. ನಾಲ್ಕು ವರ್ಷ ಒಂದು ರೆಸ್ಯೂಮೆ ಬರ್ಲಿಲ್ಲ ಅವರಿಂದ. ನೆಟ್‌ವರ್ಕಲ್ಲಿ ಶಿಕ್ಷೆ ಅಂದ್ರೆ ಹೀಗೇ ಇರುತ್ತೆ, ಸದ್ದೇ ಬರಲ್ಲ, ಯಾಕೆ ಯಾರೂ ಏನೂ ಕಳಿಸ್ತಿಲ್ಲ ಅಂತ ನೀನು ತಲೆ ಕೆಡಿಸ್ಕೊಂಡು ಕೂತಿರ್ತೀಯ.

ಅವತ್ತಿಂದ ನಾನು ಇಟ್ಕೊಂಡಿರೋ ನಿಯಮ ಒಂದೇ, ಯಾರೇ ಕ್ಯಾಂಡಿಡೇಟ್ ಕಳಿಸ್ಲಿ ಮಾರನೇ ದಿನದೊಳಗೆ ಉತ್ತರ ಹೋಗ್ಬೇಕು. ಬೇಡ ಅಂದ್ರೆ ಬೇಡ ಅನ್ನು, ಯಾಕೆ ಬೇಡ ಅಂತ ಒಂದು ಸಾಲು ಬರಿ, ಆ ಸಾಲು ಓದಿದ್ರೆ ಮುಂದಿನ ಸಲ ಅವರು ಸರಿಯಾದೋರನ್ನ ಕಳಿಸ್ತಾರೆ. ಕ್ಲೈಂಟ್ ಏನೂ ಹೇಳಿಲ್ಲ ಅಂದ್ರೆ ಇನ್ನೂ ಏನೂ ಹೇಳಿಲ್ಲ, ಗುರುವಾರ ಮತ್ತೆ ಕೇಳ್ತೀನಿ ಅಂತ ಬರಿ, ಗುರುವಾರ ನಿಜವಾಗ್ಲೂ ಕೇಳು. ಆ ಕಡೆ ಒಬ್ಬ ಕ್ಯಾಂಡಿಡೇಟ್ ಇರ್ತಾನೆ, ಅವನಿಗೆ ಮನೇಲಿ ಏನಾಯ್ತು ಏನಾಯ್ತು ಅಂತ ದಿನಾ ಕೇಳ್ತಿರ್ತಾರೆ, ಅವನು ಪಾರ್ಟ್‌ನರ್‌ನ ಕೇಳ್ತಾನೆ, ಪಾರ್ಟ್‌ನರ್ ಮುಖ ಉಳಿಯೋದು ನಿನ್ನ ಒಂದು ಸಾಲಿನಿಂದ.

ಆರ್ಡರ್ ಹಾಕೋ ಮುಂಚೆಯೂ ಯೋಚನೆ ಮಾಡು. ಕ್ಲೈಂಟ್ ಕಳಿಸಿದ ಜೆಡಿನ, ಅಂದ್ರೆ ಕೆಲಸದ ವಿವರಣೆನ, ಹಾಗೇ ಕಾಪಿ ಮಾಡಿ ಹಾಕೋರು ತುಂಬಾ ಜನ ಇದಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಎಚ್‌ಆರ್ ಹತ್ರ ಮಾತಾಡಿ ಬಿಟ್ಬಿಡ್ಬೇಡ, ಹೈರಿಂಗ್ ಮ್ಯಾನೇಜರ್ ಹತ್ರ ಅರ್ಧ ಗಂಟೆ ಕೇಳಿ ತಗೋ. ಈ ಸೀಟು ಯಾಕೆ ಖಾಲಿ ಆಯ್ತು, ಎಷ್ಟು ದಿನದಿಂದ ಖಾಲಿ ಇದೆ, ಮುಂಚೆ ಇದ್ದೋರು ಯಾಕೆ ಬಿಟ್ರು, ಒಳಗಡೆನೇ ಯಾರನ್ನಾದ್ರೂ ಮನಸ್ಸಲ್ಲಿ ಇಟ್ಕೊಂಡಿದಾರಾ, ಎಷ್ಟು ರೌಂಡು ಇಂಟರ್‌ವ್ಯೂ, ಕೊನೇ ಮಾತು ಯಾರದ್ದು, ಇನ್ನೂ ಎಷ್ಟು ಏಜೆನ್ಸಿಗೆ ಕೊಟ್ಟಿದಾರೆ, ಇಲ್ಲಿವರೆಗೂ ನೋಡಿ ಬೇಡ ಅಂದೋರಲ್ಲಿ ಏನು ಕಮ್ಮಿ ಇತ್ತು. ಈ ಕೊನೇ ಪ್ರಶ್ನೆಗೆ ಸಿಗೋ ಉತ್ತರ ಇಡೀ ಜೆಡಿಗಿಂತ ಉಪಯೋಗಕ್ಕೆ ಬರುತ್ತೆ, ನೋಡು ಬೇಕಾದ್ರೆ. ಇಷ್ಟು ಕೇಳಿದ ಮೇಲೆ ಕ್ಲೈಂಟ್‌ಗೆ ಅವಸರ ಏನಿಲ್ಲ, ಸುಮ್ನೆ ಮಾರ್ಕೆಟ್ ನೋಡ್ತಿದಾರೆ ಅನ್ನಿಸಿದ್ರೆ ಆ ಆರ್ಡರ್ ನೆಟ್‌ವರ್ಕಲ್ಲಿ ಹಾಕ್ಲೇಬೇಡ. ಬೇರೆಯೋರ ಹತ್ತು ಹತ್ತು ಗಂಟೆ ಹಾಳು ಮಾಡೋ ಹಕ್ಕು ನಮಗಿಲ್ಲ. ಹಾಕೋದಾದ್ರೆ ಫೀಸು ಎಷ್ಟು ಪರ್ಸೆಂಟು, ಸೇರಿದೋನು ಬೇಗ ಬಿಟ್ಟು ಹೋದ್ರೆ ಬೇರೆಯೋರನ್ನ ಕೊಡ್ತೀವಿ ಇಲ್ಲಾ ದುಡ್ಡು ವಾಪಸ್ ಕೊಡ್ತೀವಿ ಅನ್ನೋ ಗ್ಯಾರಂಟಿ ಎಷ್ಟು ದಿನ, ಕ್ಲೈಂಟ್ ದುಡ್ಡು ಯಾವಾಗ ಕೊಡ್ತಾರೆ ಎಲ್ಲಾ ಮೊದ್ಲೇ ಬರೆದಿಡು.

ಗ್ಯಾರಂಟಿ ಅಂದೆ ನೋಡು, ಅದ್ರದ್ದೊಂದು ಕಥೆ ಇದೆ. 2005ರಲ್ಲಿ ನಾನು ಒಬ್ಬ ಪಾರ್ಟ್‌ನರ್ ಜೊತೆ ಒಂದು ಪ್ಲೇಸ್‌ಮೆಂಟ್ ಮಾಡಿದ್ದೆ, ಆಕೆ ಕೆಲಸ ಮಾಡ್ತಿದ್ದಿದ್ದು ಆಸ್ಪತ್ರೆ ಫೀಲ್ಡಲ್ಲಿ, ಅಪರೂಪಕ್ಕೆ ನನ್ನ ಫೀಲ್ಡಿನ ಒಬ್ಬ ಎಂಜಿನಿಯರ್ ಸಿಕ್ಕಿದ್ದ ಅವರಿಗೆ. ಗ್ಯಾರಂಟಿ 90 ದಿನ ಇತ್ತು, ಎಪ್ಪತ್ತೊಂದನೇ ದಿನ ಆತ ಕೆಲಸ ಬಿಟ್ಟ. ಬೇರೆ ಕ್ಯಾಂಡಿಡೇಟ್ ಕೊಡೋ ಪ್ರಯತ್ನ ಮಾಡಿದ್ವಿ, ಆಗ್ಲಿಲ್ಲ, ಕ್ಲೈಂಟ್ ದುಡ್ಡು ವಾಪಸ್ ಕೇಳಿದ್ರು. ನಾನು ಆಕೆಗೆ ಹೇಗೆ ಹೇಳೋದು ಅಂತ ಎರಡು ದಿನ ಒದ್ದಾಡಿ ಫೋನ್ ಮಾಡಿದ್ರೆ, ನಾನು ಕೇಳೋ ಮುಂಚೆನೇ ನನ್ನ ಪಾಲು ಈ ವಾರನೇ ಕಳಿಸ್ತೀನಿ ಅಂದ್ರು, ಶುಕ್ರವಾರ ಬಂತು. ಆ ಡೀಲಲ್ಲಿ ಇಬ್ರಿಗೂ ಒಂದು ಪೈಸೆ ಉಳೀಲಿಲ್ಲ. ಆದ್ರೆ ಈ ಹೆಂಗಸಿನ ಜೊತೆ ಕಣ್ಣು ಮುಚ್ಚಿ ಕೆಲಸ ಮಾಡ್ಬಹುದು ಅಂತ ನಂಗೆ ಅವತ್ತು ಗೊತ್ತಾಯ್ತು.

ಅದಾಗಿ ಮೂರು ವರ್ಷಕ್ಕೆ 2008 ಬಂತು. ನಿಂಗೆ ಆಗ ಚಿಕ್ಕ ವಯಸ್ಸು, ನೆನಪಿರಲ್ಲ. ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ವು, ಅದರ ಬಿಸಿ ಎಲ್ಲಾ ಕಡೆ ಹಬ್ಬಿತು, ನನ್ನ ಕ್ಲೈಂಟ್‌ಗಳೆಲ್ಲಾ ಫ್ಯಾಕ್ಟರಿಯೋರು, ಒಂದೇ ತಿಂಗಳಲ್ಲಿ ಇದ್ದಬದ್ದ ಆರ್ಡರ್ ಎಲ್ಲಾ ಹೋಲ್ಡ್ ಅಂತ ಮೇಲ್ ಬಂತು. ಏಳು ತಿಂಗಳು ನನ್ನದು ಅಂತ ಒಂದು ಆರ್ಡರ್ ಇರ್ಲಿಲ್ಲ. ಆಗ ಫೋನ್ ಮಾಡಿದ್ದು ಇದೇ ಪಾರ್ಟ್‌ನರ್, ಆಸ್ಪತ್ರೆಗಳಲ್ಲಿ ಹೈರಿಂಗ್ ನಿಂತಿಲ್ಲ, ನಿಂಗೆ ಜನ ಹುಡುಕೋಕೆ ಬರುತ್ತೆ, ನಾನು ಈ ಫೀಲ್ಡ್ ಹೇಳಿಕೊಡ್ತೀನಿ, ನನ್ನ ಆರ್ಡರ್ ಮೇಲೆ ಕೆಲಸ ಮಾಡು ಅಂದ್ರು. ಆ ವರ್ಷ ಮನೆ ನಡೆದಿದ್ದು ಆ ಅರ್ಧರ್ಧ ಫೀಸುಗಳಿಂದ. 2020ರಲ್ಲಿ ಮತ್ತೆ ಹಾಗೇ ಆದಾಗ ನನ್ನ ಸರದಿ ಬಂತು, ಹೊಸಬರು ಇಬ್ಬರಿಗೆ ನಾನು ಆರ್ಡರ್ ಕೊಟ್ಟೆ. ಒಬ್ನೇ ಕೆಲಸ ಮಾಡೋ ರೆಕ್ರೂಟರ್‌ಗೆ ಇದಕ್ಕಿಂತ ದೊಡ್ಡ ಇನ್ಶೂರೆನ್ಸ್ ನಂಗೆ ಗೊತ್ತಿಲ್ಲ ಪುಟ್ಟ, ಮೆಂಬರ್‌ಶಿಪ್ ದುಡ್ಡು ದಂಡ ಅಂತೀಯಲ್ಲ, ಅದಕ್ಕೆ ಇಷ್ಟು ಉದ್ದ ಹೇಳ್ದೆ.

ಹಾಗಂತ ಬರೀ ಒಳ್ಳೆತನ ಸಾಕಾಗಲ್ಲ, ಲೆಕ್ಕಪತ್ರ ಶಿಸ್ತಾಗಿರ್ಬೇಕು. ಕ್ಲೈಂಟ್ ದುಡ್ಡು ಬಂದ ದಿನವೇ ಪಾರ್ಟ್‌ನರ್ ಪಾಲು ಹೊರಗೆ ಹೋಗ್ಬೇಕು, ಒಂದು ವಾರ ಇರ್ಲಿ ಬಾಡಿಗೆ ಕಟ್ಟಿ ಆಮೇಲೆ ಕಳಿಸ್ತೀನಿ ಅಂತ ಒಂದು ಸಲವೂ ಯೋಚಿಸ್ಬೇಡ, ಅದು ನಿನ್ನ ದುಡ್ಡೇ ಅಲ್ಲ. ಇನ್ವಾಯ್ಸ್ ಕಳಿಸಿದ ದಿನ ಅವರಿಗೂ ಒಂದು ಮಾತು ತಿಳಿಸು. ಗ್ಯಾರಂಟಿ ಮುಗಿಯೋವರೆಗೂ ನಿನ್ನ ಪಾಲನ್ನೂ ಪೂರ್ತಿ ಖರ್ಚು ಮಾಡ್ಬೇಡ. ಆರ್ಡರ್ ಸಿಕ್ಕಿ, ಇಂಟರ್‌ವ್ಯೂ ಆಗಿ, ನೋಟಿಸ್ ಪೀರಿಯಡ್ ಮುಗ್ದು, ಜಾಯಿನ್ ಆಗಿ, ಕ್ಲೈಂಟ್ ದುಡ್ಡು ಬರೋಷ್ಟರಲ್ಲಿ ಐದಾರು ತಿಂಗಳು ಆರಾಮಾಗಿ ಹೋಗುತ್ತೆ, ಅಷ್ಟು ತಿಂಗಳ ಖರ್ಚು ಕೈಯಲ್ಲಿ ಇಲ್ದೇ ಹೋದ್ರೆ ಮನುಷ್ಯ ಆತುರ ಬೀಳ್ತಾನೆ, ಆತುರದಲ್ಲಿ ಹೊಂದದೇ ಇರೋ ಕ್ಯಾಂಡಿಡೇಟ್‌ನ ಒಪ್ಪಿಸಿ ಕಳಿಸ್ತಾನೆ. ಅಂಥೋನು ಈಗಿನ ಕಂಪನಿ ಸಂಬಳ ಜಾಸ್ತಿ ಮಾಡ್ತೀವಿ ಇರು ಅಂತ ಕೌಂಟರ್ ಆಫರ್ ಕೊಟ್ಟ ತಕ್ಷಣ ಇದ್ದ ಕಡೆನೇ ಉಳ್ಕೋತಾನೆ, ಇಲ್ಲಾ ಗ್ಯಾರಂಟಿಯೊಳಗೆ ಬಿಟ್ಟು ಹೋಗ್ತಾನೆ.

ಕ್ಯಾಂಡಿಡೇಟ್‌ನ ಕೇಳ್ದೇ ರೆಸ್ಯೂಮೆ ಯಾರಿಗೂ ಕಳಿಸ್ಬೇಡ, ಪಾರ್ಟ್‌ನರ್‌ಗೂ ಕೂಡ. ಯಾವ ಕಂಪನಿ, ಯಾವ ರೋಲ್ ಅಂತ ಹೇಳಿ, ಒಪ್ಪಿಗೆನ ಇಮೇಲಲ್ಲಿ ತಗೋ. ಯುರೋಪಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಅನ್ನೋ ಖಾಸಗಿ ಮಾಹಿತಿ ರಕ್ಷಣೆ ಕಾನೂನು ಜಾರಿಗೆ ಬಂದ ಮೇಲೆ ಅಲ್ಲಿಯ ಪಾರ್ಟ್‌ನರ್‌ಗಳು ಇದನ್ನ ಮೊದ್ಲು ಕೇಳ್ತಾರೆ, ಆದ್ರೆ ಕಾನೂನು ಇರ್ಲಿ ಬಿಡ್ಲಿ ಅದು ಅವನ ಬದುಕು, ಅವನ ಈಗಿನ ಬಾಸ್ ಕಿವಿಗೆ ವಿಷ್ಯ ಬಿದ್ರೆ ಕಷ್ಟ ಪಡೋನು ಅವನು. ಒಂದೇ ರೆಸ್ಯೂಮೆ ಇಬ್ಬರಿಂದ ಹೋದ್ರೆ ಎಷ್ಟೋ ಕ್ಲೈಂಟ್‌ಗಳು ತಲೆನೋವೇ ಬೇಡ ಅಂತ ಅವನನ್ನೇ ತೆಗೆದುಹಾಕ್ತಾರೆ, ಅದಕ್ಕೂ ಈ ಒಪ್ಪಿಗೆಯ ಇಮೇಲೇ ಮದ್ದು. ಮತ್ತೆ ಪಾರ್ಟ್‌ನರ್ ಕೊಟ್ಟ ಕ್ಯಾಂಡಿಡೇಟ್‌ನ ಆಮೇಲೆ ಬೇರೆ ಕ್ಲೈಂಟ್‌ಗೆ ಕಳಿಸ್ಬೇಕು ಅನ್ನಿಸಿದ್ರೆ ಮೊದ್ಲು ಪಾರ್ಟ್‌ನರ್‌ಗೆ ಫೋನು, ಅವರ ಕ್ಲೈಂಟ್‌ಗೆ ನೇರವಾಗಿ ಫೋನ್ ಮಾಡೋದಂತೂ ಕನಸಲ್ಲೂ ಬೇಡ.

ಎಲ್ಲಾ ಫೀಲ್ಡೂ ಮಾಡ್ತೀನಿ ಅಂತ ನಿನ್ನ ಪ್ರೊಫೈಲಲ್ಲಿ ಬರ್ಕೊಂಡಿದೀಯ, ಅದನ್ನ ಇವತ್ತೇ ತೆಗಿ. ಎಲ್ಲಾ ಮಾಡೋನು ಯಾರ ನೆನಪಿಗೂ ಬರಲ್ಲ. ನಿಂಗೆ ಎಂಬೆಡೆಡ್ ಎಂಜಿನಿಯರ್‌ಗಳ, ಅಂದ್ರೆ ಯಂತ್ರಗಳೊಳಗಿನ ಚಿಪ್‌ಗೆ ಸಾಫ್ಟ್‌ವೇರ್ ಬರೆಯೋರ, ಲೋಕ ಚೆನ್ನಾಗಿ ಗೊತ್ತು, ನೀನೇ ಐದು ವರ್ಷ ಅದ್ರಲ್ಲಿ ಇದ್ದೋನು, ಅಷ್ಟನ್ನೇ ಬರಿ, ಆಗ ಯಾರಿಗಾದ್ರೂ ಆ ಆರ್ಡರ್ ಬಂದಾಗ ಅವರ ತಲೆಗೆ ಮೊದ್ಲು ನಿನ್ನ ಹೆಸರು ಬರುತ್ತೆ. ನೆಟ್‌ವರ್ಕ್ ಮೀಟಿಂಗ್‌ಗಳಿಗೂ ಹೋಗು, ಆನ್‌ಲೈನ್ ಆದ್ರೆ ಕ್ಯಾಮೆರಾ ಆನ್ ಮಾಡ್ಕೊಂಡು ಕೂತ್ಕೋ. ವಾರಕ್ಕೆ ಇಬ್ಬರು ಪಾರ್ಟ್‌ನರ್‌ಗಳಿಗೆ ಸುಮ್ನೆ ಫೋನ್ ಮಾಡು, ನಿಮಗೆ ಈಗ ಯಾವ ಸೀಟು ತುಂಬೋದು ಕಷ್ಟ ಆಗಿದೆ ಅಂತ ಕೇಳು, ನಿನ್ನ ಆರ್ಡರ್ ಬಗ್ಗೆ ಮೊದಲ ಫೋನಲ್ಲೇ ಎತ್ಬೇಡ.

ರಿನ್ಯೂ ಮಾಡೋ ತೀರ್ಮಾನಕ್ಕೆ ಇನ್ನೂ ನಾಲ್ಕು ತಿಂಗಳಿದೆ. ನೀನು ಕ್ಲೈಂಟ್ ಜೊತೆ ಮಾಡ್ಕೊಂಡಿರೋ ಅಗ್ರಿಮೆಂಟ್ ನಂಗೆ ಕಳಿಸು, ಗ್ಯಾರಂಟಿ ಷರತ್ತಲ್ಲಿ ದುಡ್ಡು ವಾಪಸ್ಸಾ, ಬೇರೆ ಕ್ಯಾಂಡಿಡೇಟಾ ಅಂತ ಸ್ಪಷ್ಟ ಇದೆಯಾ ನೋಡ್ಬೇಕು, ಭಾನುವಾರ ಫೋನಲ್ಲಿ ಕೂತು ಮಾತಾಡೋಣ. ಅದಕ್ಕೂ ಮುಂಚೆ ಒಂದು ಕೆಲಸ ಮಾಡು. ಅಷ್ಟುದ್ದ ಮೆಸೇಜಲ್ಲಿ ನೀನು ಜಾಯಿನ್ ಮಾಡಿಸಿದ ಆ ಹುಡುಗ ಹೇಗಿದಾನೆ, ಕೆಲಸ ಹೊಂದ್ತಾ ಇದೆಯಾ ಅಂತ ಒಂದು ಮಾತೂ ಇರ್ಲಿಲ್ಲ. ಇವತ್ತು ಅವನಿಗೆ ಫೋನ್ ಮಾಡಿ ವಿಚಾರ್ಸು, ಆಮೇಲೆ ಆ ಪಾರ್ಟ್‌ನರ್‌ಗೆ ಫೋನ್ ಮಾಡಿ ಅವನ ಸುದ್ದಿ ಹೇಳು, ಅವರೂ ಕಾಯ್ತಿರ್ತಾರೆ.

ನಿನ್ನ ದೊಡ್ಡಮ್ಮ