ಮುಚ್ಚಳದ ಮೇಲೆ ಬೇರಿನ ಚಿತ್ರ, ಒಳಗೆ ಪಾದರಸ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮೂವತ್ತೊಂದು ವರ್ಷಗಳಿಂದ ನಾರುಬೇರಿನ ಅಂಗಡಿ ನಡೆಸುತ್ತಿದ್ದೇನೆ. ಮದುವೆಯ ತಿಂಗಳು ಹತ್ತಿರವಾದರೆ ತ್ರಿಫಲೆ, ಬಜೆ ಕೇಳುವವರಿಗಿಂತ ‘ಬೆಳ್ಳಗಾಗಲು ಏನಿದೆ’ ಎನ್ನುವವರೇ ಹೆಚ್ಚು. ಜ್ಯೇಷ್ಠಮಧು ಕೊಡುತ್ತೇನೆ. ಮಲಯಾಳಿಗಳು ಇರಟ್ಟಿಮಧುರ ಎನ್ನುತ್ತಾರೆ, ಬೇರು ಒಂದೇ. ಅದರಲ್ಲಿರುವ ಗ್ಲಾಬ್ರಿಡಿನ್ ಎಂಬ ಅಂಶ ಚರ್ಮದ ಬಣ್ಣ ತಯಾರಿಸುವ ಕಿಣ್ವವನ್ನು ತುಸು ತಡೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಕಲೆ ಮಾಸೀತು. ಹುಟ್ಟುಬಣ್ಣ ಬದಲಾಗದು ಎಂದು ಹೇಳಿಯೇ ಕೊಡುತ್ತೇನೆ. ಅರ್ಧ ಜನ ಅಲ್ಲಿಂದಲೇ ಹಿಂದಿರುಗುತ್ತಾರೆ. ಕಸ್ತೂರಿ ಅರಿಶಿನದ್ದು ಇನ್ನೊಂದು ಕಥೆ. ಅಸಲು ಗೆಡ್ಡೆಯ ಒಳಗು ಕೆನೆಬಣ್ಣ, ಕರ್ಪೂರದಂಥ ಪರಿಮಳ. ಆ ಹೆಸರಿನಲ್ಲಿ ಮಾರಾಟವಾಗುವ ಕಡು ಹಳದಿ ಪುಡಿ ಹೆಚ್ಚಾಗಿ ಮಂಜಕೂವ ಎಂಬ ಬೇರೆಯೇ ಗೆಡ್ಡೆಯದು.

ಇವೆಲ್ಲ ಹಣಕ್ಕೆ ನಷ್ಟ, ಅಷ್ಟೇ. ಕಳೆದ ವರ್ಷ ನೆರೆಮನೆಯ ಹುಡುಗಿ ತೋರಿಸಿದ ಬಿಳುಪಿನ ಕ್ರೀಮ್‌ನ ಡಬ್ಬಿ ಹಾಗಿರಲಿಲ್ಲ. ಮುಚ್ಚಳದ ಮೇಲೆ ಬೇರು, ಎಲೆ, ಕೇಸರಿಯ ಚಿತ್ರ. ತಯಾರಕರ ವಿಳಾಸವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ. ‘ನನಗೆ ಗೊತ್ತಿಲ್ಲಮ್ಮ’ ಎಂದು ಹಿಂದಿರುಗಿಸಿದೆ. ಹಚ್ಚಬೇಡ ಎನ್ನಬಹುದಿತ್ತು. ಎಂಟೇ ದಿನಕ್ಕೆ ಮುಖ ಬೆಳ್ಳಗಾಯಿತು, ಊರೆಲ್ಲ ಹೊಗಳಿತು. ಎರಡು ತಿಂಗಳಿಗೆ ಕಾಲು ಬಾತುಕೊಂಡು ಮೂತ್ರ ನೊರೆನೊರೆಯಾಯಿತು. ಮಂಗಳೂರಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ: ‘ಮುಖಕ್ಕೆ ಏನು ಹಚ್ಚುತ್ತೀಯ?’

ಜ್ಯೇಷ್ಠಮಧು ಮೆಲ್ಲನೆ ತಡೆಯುವ ಕಿಣ್ವವನ್ನೇ ಇಂಥ ಕೆಲವು ಕ್ರೀಮ್‌ಗಳಲ್ಲಿರುವ ಪಾದರಸ ಒಮ್ಮೆಗೇ ಕಟ್ಟಿಹಾಕುತ್ತದೆ. ಜೊತೆಗೆ ಚರ್ಮದಿಂದ ರಕ್ತಕ್ಕಿಳಿದು ಮೂತ್ರಪಿಂಡ ಸೇರುತ್ತದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದೇ ಬಗೆಯ ಮೂತ್ರಪಿಂಡ ರೋಗದ 22 ಮಂದಿಯನ್ನು ಪರಿಶೀಲಿಸಿದಾಗ 13 ಮಂದಿ ಬಿಳುಪಿನ ಕ್ರೀಮ್ ಬಳಸಿದವರೆಂದು ತಿಳಿದುಬಂತು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ತಪಾಸಣೆಯನ್ನೂ ಆರಂಭಿಸಿತು.

ಆ ಸುದ್ದಿಯನ್ನು ನಾನು ಮೊಮ್ಮಗನಿಂದ ಓದಿಸಿಕೊಂಡೆ. ಮಲಯಾಳ ಲಿಪಿ ನನಗೆ ಬಾರದು. ಅಂಗಡಿಗೆ ಬರುವ ಎಣ್ಮಕಜೆ, ಪೆರ್ಲದ ಹಿರಿಯ ಹೆಂಗಸರಲ್ಲಿ ಅನೇಕರಿಗೂ ಬಾರದು. ಮಗಳ ಮದುವೆಗೆ ಡಬ್ಬಿ ಕೊಳ್ಳುವವರು ಅವರೇ. ತಪಾಸಣೆಯಲ್ಲಿ ಸಿಕ್ಕಿಬಿದ್ದ ಕ್ರೀಮ್‌ಗಳ ಹೆಸರನ್ನು ತಮ್ಮ ಪತ್ರಿಕೆ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕೆಂದು ವಿನಂತಿ. ಆ ಪುಟವನ್ನು ಕತ್ತರಿಸಿ ಜ್ಯೇಷ್ಠಮಧುವಿನ ಭರಣಿಗೇ ಅಂಟಿಸುತ್ತೇನೆ.

— ನಾರುಬೇರಿನ ವ್ಯಾಪಾರಿ, ಬದಿಯಡ್ಕ