ಮಳೆ ಹಿಡಿಯುವ ಮೊದಲು ಇನ್ಹೇಲರ್ ತಲುಪಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದವಳು. ಹನ್ನೊಂದನೆಯ ವಯಸ್ಸಿನಿಂದಲೂ ನನಗೆ ಆಸ್ತಮಾ ಇದೆ. ಪಿಂಚಣಿ ಬರುತ್ತಿರುವುದರಿಂದ ತಿಂಗಳ ಔಷಧಿಯನ್ನು ನಾನು ಯಾರ ಹಂಗೂ ಇಲ್ಲದೆ ಕೊಳ್ಳಬಲ್ಲೆ. ನಮ್ಮ ಮನೆಯ ಕೆಳಗಿನ ಕಾಫಿ ತೋಟದ ಲೈನ್‌ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವವರಿಗೆ ಆ ಅನುಕೂಲವಿಲ್ಲ. ಅವರಿಗೆ ತಮ್ಮವರೆಗೆ ಬಂದು ಹೇಳಿಕೊಳ್ಳುವ ದಾರಿಯೂ ಇಲ್ಲದ ಕಾರಣ ಅವರ ಪರವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಕಳೆದ ಪುನರ್ವಸು ಮಳೆಯಲ್ಲಿ ಒಂದು ರಾತ್ರಿ, ಕರೆಂಟು ಹೋಗಿ ಮೂರು ದಿನವಾಗಿದ್ದಾಗ, ತೋಟದ ಕೆಲಸದ ಹೆಣ್ಣುಮಗಳೊಬ್ಬಳು ತನ್ನ ಒಂಬತ್ತು ವರ್ಷದ ಮಗನನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ನಮ್ಮ ಮನೆಯ ಬಾಗಿಲು ಬಡಿದಳು. ಹುಡುಗನಿಗೆ ಒಂದು ಮಾತನ್ನು ಪೂರ್ತಿ ಆಡಲು ಉಸಿರು ಸಾಲುತ್ತಿರಲಿಲ್ಲ. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ತಾಯಿಯ ಮುಷ್ಟಿಯಲ್ಲಿ ಒಂದು ನೀಲಿ ಪಂಪು ಇತ್ತು. "ಸಂಜೆಯಿಂದ ಒತ್ತುತ್ತಾನೇ ಇದೀನಿ ಟೀಚರಮ್ಮ, ಏನೂ ಹಿಡೀತಿಲ್ಲ" ಎಂದಳು. ಅದನ್ನು ಕೊಂಡು ಎಷ್ಟು ದಿನವಾಯಿತೆಂದು ಕೇಳಿದೆ. ಶಿವರಾತ್ರಿ ಜಾತ್ರೆಯ ಹೊತ್ತಿಗೆ ಪೇಟೆಯಿಂದ ತಂದದ್ದಂತೆ. ಔಷಧಿ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಒಳಗಿನ ಲೋಹದ ಡಬ್ಬಿಯನ್ನು ತೆಗೆದು ಚೊಂಬಿನ ನೀರಿನಲ್ಲಿ ತೇಲಿಬಿಟ್ಟು ನೋಡಿದ್ದಳು. ಅರ್ಧ ಮುಳುಗಿತು, ಆದ್ದರಿಂದ ಇನ್ನೂ ಇದೆ ಎಂದುಕೊಂಡಿದ್ದಳು.

ಈ ಡಬ್ಬಿಯ ವಿಷಯವನ್ನು ತಾವು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ನೀಲಿ ಪಂಪಿನಲ್ಲಿರುವ ಔಷಧಿ ಸಾಲ್ಬುಟಮಾಲ್. ಅದರ ಸಾಮಾನ್ಯ ಇನ್ಹೇಲರಿನಲ್ಲಿ 200 ಪಫ್‌ಗಳಿಗೆ ಆಗುವಷ್ಟು ಔಷಧಿ ಇರುತ್ತದೆ. ಅದು ಮುಗಿದ ಮೇಲೂ ಔಷಧಿಯನ್ನು ಹೊರದೂಡುವ ಅನಿಲ ಒಳಗೆ ಉಳಿದಿರುತ್ತದೆ, ಒತ್ತಿದರೆ ಮೊದಲಿನಂತೆಯೇ ಬುಸ್ ಎನ್ನುತ್ತದೆ. ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆಯನ್ನು ನಂಬುವಂತಿಲ್ಲ. ಎಷ್ಟು ಪಫ್ ಉಳಿದಿದೆ ಎಂದು ಅಂಕಿಯಲ್ಲಿ ತೋರಿಸುವ ಇನ್ಹೇಲರುಗಳು ಇವೆಯಾದರೂ ಆಕೆಯ ಕೈಯಲ್ಲಿದ್ದದ್ದು ಅಂಥದ್ದಲ್ಲ. ಸಂಜೆಯಿಂದ ಆ ತಾಯಿ ಮಗನ ಬಾಯಿಗೆ ಒತ್ತುತ್ತಿದ್ದದ್ದು ಬರೀ ಗಾಳಿ. ನನ್ನ ಇನ್ಹೇಲರನ್ನು ಸ್ಪೇಸರಿಗೆ, ಅಂದರೆ ಔಷಧಿಯನ್ನು ಹಿಡಿದಿಟ್ಟು ನಿಧಾನವಾಗಿ ಎಳೆದುಕೊಳ್ಳಲು ಬಿಡುವ ಟೊಳ್ಳು ಕೊಳವೆಗೆ, ಸಿಕ್ಕಿಸಿ ಒಂದೊಂದೇ ಪಫ್‌ನಂತೆ ಆರು ಸಲ ಕೊಟ್ಟು, ತೋಟದ ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಸಿಲ್ವರ್ ಮರವೊಂದು ಬಿದ್ದು ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ಹುಡುಗ ಉಳಿದುಕೊಂಡ. ಆ ಮುಕ್ಕಾಲು ಗಂಟೆ ಅವನ ಎದೆಯ ಮೇಲೆ ಕೈಯಿಟ್ಟು ಕುಳಿತಿದ್ದವಳು ನಾನು, ಇವತ್ತಿಗೂ ಅದನ್ನು ಮರೆತಿಲ್ಲ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವೈದ್ಯರು ಇನ್ನೊಂದು ಇನ್ಹೇಲರನ್ನು ಬರೆದುಕೊಟ್ಟರು. ಆಸ್ತಮಾ ಇರುವವರ ಶ್ವಾಸನಾಳಗಳ ಒಳಪದರ, ಉಬ್ಬಸ ಇಲ್ಲದ ದಿನಗಳಲ್ಲೂ ಊದಿಕೊಂಡೇ ಇರುತ್ತದೆ; ಹೊಗೆ, ಧೂಳು, ಬೂಷ್ಟು, ನೆಗಡಿ ಯಾವುದಾದರೂ ತಾಗಿದರೆ ನಾಳದ ಸ್ನಾಯು ಬಿಗಿದು, ಕಫ ಕಟ್ಟಿ, ದಮ್ಮು ಏಳುತ್ತದೆ. ನೀಲಿ ಪಂಪು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತವನ್ನು ಇಳಿಸುವುದು ಬುಡೆಸೊನೈಡ್‌ನಂತಹ ಸ್ಟೀರಾಯ್ಡ್ ಇರುವ, ದಿನವೂ ತಪ್ಪದೆ ಎಳೆದುಕೊಳ್ಳಬೇಕಾದ ತಡೆ ಇನ್ಹೇಲರ್. ಬರೀ ನೀಲಿ ಪಂಪಿನ ಮೇಲೆ ಯಾರನ್ನೂ ಬಿಡಬಾರದು ಎಂದು ಜಾಗತಿಕ ಆಸ್ತಮಾ ಮಾರ್ಗಸೂಚಿಯಾದ ಜಿನಾ, ವಯಸ್ಕರು ಮತ್ತು ಹದಿಹರೆಯದವರ ವಿಷಯದಲ್ಲಿ 2019ರಲ್ಲೇ ಸ್ಪಷ್ಟವಾಗಿ ಹೇಳಿತು. ವರ್ಷಕ್ಕೆ ಮೂರು ಅಥವಾ ಹೆಚ್ಚು ನೀಲಿ ಡಬ್ಬಿ ಖರ್ಚಾಗುತ್ತಿದ್ದರೆ ಉಬ್ಬಸ ಉಲ್ಬಣಿಸುವ ಅಪಾಯ ಹೆಚ್ಚು, ತಿಂಗಳಿಗೊಂದು ಖರ್ಚಾಗುತ್ತಿದ್ದರೆ ಸಾವಿನ ಅಪಾಯವೇ ಹೆಚ್ಚು ಎಂಬುದೂ ಅದೇ ಮಾರ್ಗಸೂಚಿಯಲ್ಲಿದೆ.

ಆ ಎರಡನೆಯ ಇನ್ಹೇಲರಿಗೆ ನಮ್ಮ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಮುನ್ನೂರು ರೂಪಾಯಿಗೂ ಮೇಲಾಗುತ್ತದೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಪಫ್‌ನಂತೆ ಲೆಕ್ಕ ಹಾಕಿದರೆ 120 ಪಫ್‌ಗಳ ಡಬ್ಬಿ ಸರಿಯಾಗಿ ಒಂದು ತಿಂಗಳಿಗೆ ಮುಗಿಯುತ್ತದೆ. ಅದು ಆಕೆಯ ಒಂದು ದಿನದ ಕೂಲಿಯ ದೊಡ್ಡ ಪಾಲು. ಪೇಟೆಗೆ ಹೋಗಿಬರುವ ದಿನದ ಕೆಲಸ ತಪ್ಪುವುದನ್ನೂ ಬಸ್ಸಿನ ಹೊತ್ತನ್ನೂ ಸೇರಿಸಿದರೆ ಎರಡು ದಿನದ ಸಂಪಾದನೆ. ಮಳೆಗಾಲದಲ್ಲಿ ತೋಟದಲ್ಲಿ ಕೆಲಸವೇ ಕಡಿಮೆ, ಉಬ್ಬಸ ಹೆಚ್ಚಾಗುವುದೂ ಆಗಲೇ. ಹುಡುಗ ಆರಾಮಾಗಿರುವಾಗ ದಿನವೂ ಔಷಧಿ ಏಕೆ ಬೇಕು ಎಂದು ಮನೆಯ ಗಂಡಸರು ಕೇಳುತ್ತಾರೆ. ನಾಲ್ಕನೆಯ ತಿಂಗಳಿಗೆ ಕೊಳ್ಳುವುದು ನಿಂತಿತು. ಅದಕ್ಕಾಗಿ ಆಕೆಯನ್ನು ದೂರುವ ಮನಸ್ಸು ನನಗಿಲ್ಲ.

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಕೆಯ ಜೊತೆಯಲ್ಲಿ ನಾನೇ ಎರಡು ಸಲ ಹೋದೆ. ಔಷಧಿ ಕೊಡುವ ಕಿಟಕಿಯಲ್ಲಿ ಬಿ.ಪಿ. ಮತ್ತು ಶುಗರ್ ಮಾತ್ರೆಗಳು ಒಂದು ತಿಂಗಳಿಗೆ ಎಣಿಸಿ ಸಿಗುತ್ತಿದ್ದವು, ಅದಕ್ಕೆ ಇಲಾಖೆಗೆ ಕೃತಜ್ಞತೆ ಹೇಳಲೇಬೇಕು. ಇನ್ಹೇಲರ್ ಎಂದು ಕೇಳಿದಾಗ ಮೊದಲ ಸಲ "ಬಂದಿಲ್ಲ" ಎಂದರು, ಎರಡನೆಯ ಸಲ ಸಾಲ್ಬುಟಮಾಲ್ ಮಾತ್ರೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರು. ಅಲ್ಲಿನ ಸಿಬ್ಬಂದಿ ಒಳ್ಳೆಯವರು, ಇದ್ದದ್ದನ್ನು ಕೊಟ್ಟರು. ಆದರೆ ಇನ್ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ ಸಾಲ್ಬುಟಮಾಲ್. 4 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಅದರ ನಲವತ್ತು ಪಟ್ಟು ಇರುತ್ತದೆ. ಇನ್ಹೇಲರಿನ ಔಷಧಿ ನೇರವಾಗಿ ಶ್ವಾಸನಾಳಕ್ಕೆ ಇಳಿದು ನಿಮಿಷಗಳಲ್ಲಿ ಕೆಲಸ ಮಾಡಿದರೆ, ಮಾತ್ರೆ ಹೊಟ್ಟೆ, ರಕ್ತ ಎಲ್ಲ ಸುತ್ತಿ ತಡವಾಗಿ ತಲುಪುತ್ತದೆ, ಕೈ ನಡುಗಿಸುತ್ತದೆ, ಎದೆ ಬಡಿತವನ್ನು ಏರಿಸುತ್ತದೆ. ನಾನು ಹುಡುಗಿಯಾಗಿದ್ದಾಗ ಆ ಮಾತ್ರೆ ನುಂಗಿ ಪರೀಕ್ಷೆಗೆ ಕೂತರೆ ಅಕ್ಷರಗಳೆಲ್ಲ ಸೊಟ್ಟಗಾಗುತ್ತಿದ್ದವು. ಇಷ್ಟು ವರ್ಷಗಳ ಮೇಲೂ ಅದೇ ಮಾತ್ರೆ ಅದೇ ಪೊಟ್ಟಣದಲ್ಲಿ ಬಡವರ ಮಕ್ಕಳಿಗೆ ಹೋಗುತ್ತಿದೆ ಎಂಬುದು ನನಗೆ ಬಹಳ ನೋವಿನ ವಿಷಯ.

ಕಾಗದದ ಮೇಲೆ ಯಾವುದಕ್ಕೂ ಕೊರತೆ ಕಾಣುವುದಿಲ್ಲ. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ, 384 ಔಷಧಗಳಿರುವ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಸಾಲ್ಬುಟಮಾಲ್, ಬುಡೆಸೊನೈಡ್, ಬುಡೆಸೊನೈಡ್ ಜೊತೆಗೆ ಶ್ವಾಸನಾಳವನ್ನು ಹೆಚ್ಚು ಹೊತ್ತು ಸಡಿಲವಾಗಿಡುವ ಫಾರ್ಮೊಟೆರಾಲ್ ಸೇರಿದ ಔಷಧ ಎಲ್ಲವೂ ಇವೆ. ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಆಸ್ತಮಾ ಕೂಡ ಸೇರಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದ ಮೇಲಿನ ಖರ್ಚಿಗೆ ಒದಗುತ್ತದೆ. ದಾಖಲಾಗದಂತೆ ನೋಡಿಕೊಳ್ಳುವ ತಿಂಗಳ ಇನ್ಹೇಲರಿಗೆ ಆ ಕಾರ್ಡು ಬರುವುದಿಲ್ಲ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಸುಮಾರು ಶೇ 13ರಷ್ಟು ಮಂದಿ ಭಾರತದಲ್ಲಿದ್ದರೆ, ಆಸ್ತಮಾದಿಂದ ಆಗುವ ಸಾವುಗಳಲ್ಲಿ ಶೇ 40ಕ್ಕೂ ಹೆಚ್ಚು ನಮ್ಮವು ಎಂದು 2019ರ ಜಾಗತಿಕ ರೋಗಭಾರದ ಅಂದಾಜು ಹೇಳುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಔಷಧಿ ಸಿಗದವರೂ ಇದ್ದಾರೆ, ಸಿಕ್ಕರೂ ಎಳೆದುಕೊಳ್ಳುವ ಕ್ರಮ ಗೊತ್ತಿಲ್ಲದವರೂ ಇದ್ದಾರೆ ಎಂದು ನಾನು ನಂಬಿದ್ದೇನೆ.

ನಮ್ಮ ಜಿಲ್ಲೆಗೆ ಇದರಲ್ಲಿ ತನ್ನದೇ ಆದ ಪಾಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನ್‌ಮನೆಯ ಗೋಡೆಗಳು ಒಣಗುವುದೇ ಇಲ್ಲ, ಮೂಲೆಗಳಲ್ಲಿ ಕಪ್ಪಗೆ ಬೂಷ್ಟು ಹಿಡಿಯುತ್ತದೆ. ಹಸಿ ಸೌದೆಯ ಒಲೆಯ ಮೇಲೆಯೇ ಅಡುಗೆ, ಸ್ನಾನದ ಹಂಡೆ, ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆ ಎಲ್ಲವೂ ನಡೆಯುತ್ತವೆ, ಒಳಗಿನ ಹೊಗೆ ಹೆಂಚಿನ ಸಂದಿಯಿಂದಲೇ ಹೊರಹೋಗಬೇಕು. ಕೊಯ್ಲು ಮುಗಿದ ಮೇಲೆ ಕಣದ ಧೂಳು, ಮೆಣಸು ಬಿಡಿಸುವಾಗಿನ ಧೂಳು. ಚಿಕ್ಕಮಗಳೂರು ಮತ್ತು ಹಾಸನದಲ್ಲಿ ಕಾಫಿಯ ಸಿಪ್ಪೆ ತೆಗೆದು ಹಸನುಮಾಡುವ ಕ್ಯೂರಿಂಗ್ ಕೇಂದ್ರಗಳಲ್ಲಿ ಕಾಳು ಆರಿಸುವ ಹೆಂಗಸರ ಮಾತು ಇನ್ನೂ ಬೇರೆ: ಹುರಿಯದ ಕಾಫಿ ಬೀಜದ ಧೂಳು ಮತ್ತು ಹಳೆಯ ಗೋಣಿಚೀಲಗಳಿಗೆ ಅಂಟಿ ಬರುವ ಹರಳು ಬೀಜದ ಪುಡಿ, ಇವೆರಡೂ ಕೆಲಸದಿಂದ ಬರುವ ಆಸ್ತಮಾಕ್ಕೆ ಕಾರಣವೆಂದು ವೈದ್ಯಶಾಸ್ತ್ರ ಎಂದೋ ಗುರುತಿಸಿದೆ. ಮನೆಯಲ್ಲೂ ಕೆಲಸದಲ್ಲೂ ಎರಡು ಕಡೆಯ ಹೊಡೆತ ತಿನ್ನುವ ಈ ಹೆಂಗಸರಲ್ಲಿ ಎಷ್ಟು ಮಂದಿ ತಮ್ಮ ದಮ್ಮನ್ನು "ವಯಸ್ಸಾಯ್ತು" ಎಂದು ಸುಮ್ಮನೆ ಒಪ್ಪಿಕೊಂಡಿದ್ದಾರೋ, ಒಮ್ಮೆ ಇಲಾಖೆ ಎಣಿಸಿ ನೋಡಲಿ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳಂತೆ ತಡೆ ಇನ್ಹೇಲರನ್ನೂ ನೀಲಿ ಇನ್ಹೇಲರನ್ನೂ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಗುರುತಾದ ರೋಗಿಗಳಿಗೆ ತಿಂಗಳಿಗೊಮ್ಮೆ ಉಚಿತವಾಗಿ, ಹೆಸರು ಬರೆದ ಕಾರ್ಡಿನ ಮೇಲೆ ಕೊಡುವಂತಾಗಬೇಕು. 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೇ ಹೋಗಿ ತಪಾಸಣೆ ಮಾಡಿ ಔಷಧಿ ಕೊಡುವ ಕ್ರಮ ಇರುವಾಗ, "ರಾತ್ರಿ ಉಬ್ಬಸದಿಂದ ಎಚ್ಚರವಾಗುತ್ತದೆಯೇ" ಎಂಬ ಒಂದು ಪ್ರಶ್ನೆಯನ್ನು ಲೈನ್‌ಮನೆಗಳಲ್ಲಿ ಕೇಳುವುದು ದೊಡ್ಡ ಹೊರೆಯಾಗಲಾರದು. ಘಟ್ಟದ ತಾಲ್ಲೂಕುಗಳಾದ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಹಾಗೆಯೇ ಹಾಸನ ಜಿಲ್ಲೆಯ ಸಕಲೇಶಪುರಕ್ಕೆ ನಾಲ್ಕು ತಿಂಗಳ ದಾಸ್ತಾನು ಮೇ ಮುಗಿಯುವುದರೊಳಗೆ ಬಂದು ಕಪಾಟು ಸೇರಬೇಕು. ಜುಲೈನಲ್ಲಿ ಬೇಡಿಕೆ ಬರೆದು ಕಳಿಸಿದರೆ ಗುಡ್ಡ ಜರಿದ ರಸ್ತೆಯಲ್ಲಿ ಅದು ತಲುಪುವುದು ಮಳೆ ಮುಗಿದ ಮೇಲೆ.

ಡಬ್ಬಿಯ ಜೊತೆಗೆ ಸ್ಪೇಸರ್ ಬೇಕೇ ಬೇಕು, ಮಕ್ಕಳಿಗಂತೂ ಅದಿಲ್ಲದೆ ಔಷಧಿಯ ಬಹುಪಾಲು ಗಂಟಲಿಗೆ ಬಡಿದು ವ್ಯರ್ಥವಾಗುತ್ತದೆ. ಕೊಳ್ಳಲು ಹಣವಿಲ್ಲವೆಂದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿ ಸರಿಯಾಗಿ ಕೂರುವಷ್ಟು ತೂತು ಮಾಡಿ, ಸಂದಿಯನ್ನು ಗಾಳಿ ಹೋಗದಂತೆ ಮುಚ್ಚಿದರೂ ಕೆಲಸವಾಗುತ್ತದೆ ಎಂದು ದಕ್ಷಿಣ ಆಫ್ರಿಕಾದ ವೈದ್ಯರು ಮಕ್ಕಳ ಮೇಲೆ ಪರೀಕ್ಷಿಸಿ ತೋರಿಸಿದ್ದಾರೆ. ಆಶಾ ಕಾರ್ಯಕರ್ತೆಯರಿಗೆ ಇದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಡಬ್ಬಿ ಕುಲುಕುವುದು, ಉಸಿರನ್ನು ಪೂರ್ತಿ ಹೊರಬಿಡುವುದು, ಒಂದೇ ಪಫ್ ಒತ್ತಿ ನಿಧಾನವಾಗಿ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು, ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದು, ಕೊಂಡ ದಿನವನ್ನು ಡಬ್ಬಿಯ ಮೇಲೆ ಬರೆದಿಡುವುದು. "ಪಂಪು ಹಿಡಿದರೆ ಬಿಡಲಾಗದ ಚಟವಾಗುತ್ತದೆ" ಎಂಬ ಭಯ ಹೋಗಲಾಡಿಸುವುದೂ ಅವರಿಂದಲೇ ಸಾಧ್ಯ. ಮೃಗಶಿರಾ ಮಳೆ ಕೂಡುವ ದಿನ ಸಾಲ ಮಾಡಿಕೊಂಡು ಹೈದರಾಬಾದಿಗೆ, ಉಬ್ಬಸಕ್ಕೆಂದು ಅಲ್ಲಿ ಕೊಡುವ ಮೀನಿನ ಮದ್ದಿಗೆ ಹೋದವರನ್ನು ನಾನು ನಮ್ಮೂರಿನಲ್ಲೇ ಕಂಡಿದ್ದೇನೆ. ಉಸಿರಿಗಾಗಿ ಅಷ್ಟು ದೂರ ಹೋಗುವವರು ಆರೋಗ್ಯ ಕೇಂದ್ರದಲ್ಲಿ ಸಿಕ್ಕರೆ ಖಂಡಿತ ಅಲ್ಲಿಗೂ ಬರುತ್ತಾರೆ.

2025ರ ಮೇ ತಿಂಗಳ ವಿಶ್ವ ಆಸ್ತಮಾ ದಿನಕ್ಕೆ ಆರಿಸಿಕೊಂಡ ವಿಷಯವೇ ಉಸಿರಿನ ಮೂಲಕ ಕೊಡುವ ಚಿಕಿತ್ಸೆ ಎಲ್ಲರಿಗೂ ಸಿಗಬೇಕೆಂಬುದಾಗಿತ್ತು. ಈ ಸಲದ ಮೇ ತಿಂಗಳ ಕೊನೆಗೆ ನಮ್ಮ ಜಿಲ್ಲೆಯ ಯಾವ ಯಾವ ಆರೋಗ್ಯ ಕೇಂದ್ರದಲ್ಲಿ ಎಷ್ಟು ತಡೆ ಇನ್ಹೇಲರ್ ದಾಸ್ತಾನಿದೆ ಎಂಬ ಪಟ್ಟಿಯನ್ನು ತಾವು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಎಳೆದುಕೊಳ್ಳುವ ಕ್ರಮವನ್ನು ಕಲಿಸಲು ಒಬ್ಬರು ಬೇಕೆಂದರೆ, ನಮ್ಮ ಕೇಂದ್ರದಲ್ಲಿ ವಾರಕ್ಕೊಂದು ಬೆಳಿಗ್ಗೆ ನಾನೇ ಬಂದು ಕೂರುತ್ತೇನೆ; ಬಾಟಲಿಗಳನ್ನು ಮನೆಯಿಂದಲೇ ತರುತ್ತೇನೆ.

ಗೌರವಪೂರ್ವಕವಾಗಿ,
ನಿವೃತ್ತ ಶಿಕ್ಷಕಿ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ