ವಿಯೆನ್ನಾಕ್ಕೆ ಬರುವುದಾದರೆ ಎಲೆ ಉದುರುವ ಕಾಲಕ್ಕೆ ಬನ್ನಿ

ಮ್ಯೂನಿಕ್
3 ನವೆಂಬರ್ 2025

ತೀರ್ಥರೂಪ ಅಪ್ಪನವರಿಗೆ ಮತ್ತು ಮಾತೃಶ್ರೀ ಅಮ್ಮನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಅಜ್ಜಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ, ಈ ಪತ್ರವನ್ನು ಅವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.

ಇಲ್ಲಿ ನಾನು ಕ್ಷೇಮವಾಗಿದ್ದೇನೆ. ಅಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮುಂದಿನ ವರ್ಷ ಮೇ ತಿಂಗಳಲ್ಲಿ ಇಲ್ಲಿಗೆ ಬರುವ ಆಲೋಚನೆಯಿದೆಯೆಂದು ಅಪ್ಪ ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ನಿಮಗೆ ಗೊತ್ತೇ ಇದೆ. ಆದರೆ ಕಚೇರಿಗೆ ರಜೆ ಹಾಕಿ ವಿಯೆನ್ನಾಕ್ಕೆ ಹೋಗಿ ಬಂದ ಮೇಲೆ, ಆ ತಿಂಗಳನ್ನು ಬದಲಿಸಿ ಅಕ್ಟೋಬರ್ ಕೊನೆಗೆ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳಬೇಕೆನಿಸಿದೆ. ಫೋನಿನಲ್ಲಿ ಹೇಳಹೊರಟರೆ ಅರ್ಧ ಮಾತು ಉಳಿದೇ ಹೋಗುತ್ತದೆಯಾದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮ್ಯೂನಿಕ್‌ನಿಂದ ವಿಯೆನ್ನಾ ರೈಲಿನಲ್ಲಿ ಸುಮಾರು 4 ಗಂಟೆಯ ಹಾದಿ. ಬೇಸಿಗೆಯಲ್ಲಿ ಆ ಊರು ಹೆಚ್ಚಾಗಿ ಪ್ರವಾಸಿಗರದ್ದು; ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿಯ ಆಪೆರಾ ಮಂದಿರದಲ್ಲಿ ಪ್ರದರ್ಶನಗಳೂ ಇರುವುದಿಲ್ಲ. ಶರತ್ಕಾಲ ಬಂತೆಂದರೆ ಊರಿನವರು ತಮ್ಮ ಕೆಲಸಕ್ಕೆ, ತಮ್ಮ ಸಂಗೀತಕ್ಕೆ, ತಮ್ಮ ದ್ರಾಕ್ಷಿಯ ಕೊಯ್ಲಿಗೆ, ತಮ್ಮ ಹಿರಿಯರ ನೆನಪಿಗೆ ಮರಳಿರುತ್ತಾರೆ. ನೀವು ನೋಡಬೇಕಾದದ್ದು ಆ ವಿಯೆನ್ನಾವನ್ನು ಎಂಬುದು ನನ್ನ ಆಸೆ.

ಅಪ್ಪನಿಗೆ ಮೊದಲು ತೋರಿಸಬೇಕಾದದ್ದು ಪ್ರಾಟರ್ ಎಂಬ ವಿಶಾಲವಾದ ಉದ್ಯಾನ. ರಾಜಮನೆತನದ ಬೇಟೆಯ ಕಾಡಾಗಿದ್ದ ಅದನ್ನು ಚಕ್ರವರ್ತಿ ಎರಡನೆಯ ಜೋಸೆಫ್ 1766ರಲ್ಲಿ ಎಲ್ಲ ಜನರಿಗೂ ತೆರೆದುಕೊಟ್ಟ. ಅದರ ನಡುವೆ 4 ಕಿಲೋಮೀಟರಿಗೂ ಉದ್ದವಾಗಿ, ನೂಲು ಹಿಡಿದಂತೆ ನೇರವಾಗಿ ಒಂದು ಸಾಲುಮರದ ದಾರಿಯಿದೆ. ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2019ರ ಅಕ್ಟೋಬರ್ 12ರಂದು ಮ್ಯಾರಥಾನ್ ದೂರವನ್ನು 2 ಗಂಟೆಯೊಳಗೆ, ಅಂದರೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದು ಈ ದಾರಿಯಲ್ಲಿಯೇ. ಎರಡೂ ಬದಿಗಿರುವ ಕುದುರೆ ಚೆಸ್ಟ್‌ನಟ್ ಮರಗಳು ಎಲೆ ಕಳಚುತ್ತಿದ್ದವು. ತೋಟದವರ ಮಗಳಾದ್ದರಿಂದ ನನ್ನ ಕಣ್ಣು ಬಣ್ಣಕ್ಕಿಂತ ಮೊದಲು ಎಲೆಯ ಮೇಲಿನ ಕಂದು ಕಲೆಗಳ ಮೇಲೆ ಬಿತ್ತು. ಎಲೆಯ ಒಳಪದರವನ್ನು ಕೊರೆದು ತಿನ್ನುವ ಒಂದು ಸಣ್ಣ ಪತಂಗದ ಹುಳು ಈ ಮರಗಳ ದೊಡ್ಡ ಪೀಡೆ. ಅದರಿಂದಾಗಿ ಬೇಸಿಗೆ ಮುಗಿಯುವ ಮೊದಲೇ ಎಲೆಗಳು ಒಣಗತೊಡಗುತ್ತವೆ. ಈ ಹುಳುವಿನ ಕೋಶಗಳು ಉದುರಿದ ಎಲೆಯೊಳಗೆ ಚಳಿಗಾಲ ಕಳೆಯುವುದರಿಂದ, ಎಲೆಗಳನ್ನು ಗುಡಿಸಿ ಒಯ್ದು ಬಿಸಿ ಏರುವ ಗೊಬ್ಬರದ ರಾಶಿಗೆ ಹಾಕುವುದೇ ಅದನ್ನು ತಗ್ಗಿಸುವ ಮುಖ್ಯ ಉಪಾಯ. ಅಲ್ಲಿಯ ನಗರಾಡಳಿತವು ಹಸಿ ಕಸದಿಂದ ತಯಾರಿಸಿದ ಗೊಬ್ಬರವನ್ನು ಊರಿನವರಿಗೆ ಉಚಿತವಾಗಿ ಕೊಡುತ್ತದೆ. ಕಾಂಡಕೊರಕದ ಕಾಟದಿಂದ ಎಷ್ಟೋ ಅರೇಬಿಕಾ ಕಾಫಿ ಗಿಡಗಳನ್ನು ಕಿತ್ತು ಸುಟ್ಟ ಅಪ್ಪನೊಡನೆ ಆ ದಾರಿಯಲ್ಲಿ ನಡೆಯುತ್ತಾ ಮಾತಾಡಬೇಕೆಂದು ನನಗೆ ಬಹಳ ಅನ್ನಿಸಿತು.

ಎರಡನೆಯದು, ಊರಿನ ಉತ್ತರದಂಚಿನ ಗುಡ್ಡಗಳು. ಸುಮಾರು 20 ಲಕ್ಷ ಜನರಿರುವ ರಾಜಧಾನಿಯೊಂದರ ಗಡಿಯೊಳಗೇ 500 ಹೆಕ್ಟೇರಿಗೂ ಮೀರಿದ ದ್ರಾಕ್ಷಿ ತೋಟಗಳಿವೆಯೆಂದರೆ ನಂಬುವುದು ಕಷ್ಟ. ಡಿ ಎಂಬ ಅಕ್ಷರದ ಟ್ರಾಮ್ ಹಿಡಿದು ಕೊನೆಯ ನಿಲ್ದಾಣವಾದ ನುಸ್‌ಡಾರ್ಫ್‌ನಲ್ಲಿ ಇಳಿದರೆ, ಒಂದು ತೊರೆಯ ಪಕ್ಕದಲ್ಲಿ ಹಾದು ದ್ರಾಕ್ಷಿಯ ಸಾಲುಗಳ ನಡುವೆ ಏರುತ್ತಾ 484 ಮೀಟರ್ ಎತ್ತರದ ಕಾಲೆನ್‌ಬೆರ್ಗ್ ಗುಡ್ಡದ ನೆತ್ತಿಗೆ ಕಾಲುದಾರಿಯಿದೆ. ಏರಲಾಗದವರಿಗೆ ಬಸ್ಸೂ ಇದೆಯಾದ್ದರಿಂದ ಅಮ್ಮ ಚಿಂತಿಸಬೇಕಾಗಿಲ್ಲ. ನಾನು ಹೋದಾಗ ಕೊಯ್ಲು ಮುಗಿದಿತ್ತು. ದ್ರಾಕ್ಷಿಯ ಎಲೆಗಳು ಒಂದು ಸಾಲಿನಲ್ಲಿ ಅರಿಶಿನದ ಬಣ್ಣಕ್ಕೆ, ಮತ್ತೊಂದರಲ್ಲಿ ಇಟ್ಟಿಗೆಯ ಕೆಂಪಿಗೆ ತಿರುಗಿದ್ದವು, ಕೆಳಗೆ ಡಾನ್ಯೂಬ್ ನದಿ ಬೂದು ಬಣ್ಣದಲ್ಲಿ ಹರಿಯುತ್ತಿತ್ತು. ಅಲ್ಲಿಯ ರೈತರು ಒಂದೇ ತಾಕಿನಲ್ಲಿ ಹಲವು ತಳಿಗಳ ದ್ರಾಕ್ಷಿಯನ್ನು ಬೆರಸಿ ನೆಟ್ಟು, ಎಲ್ಲವನ್ನೂ ಒಟ್ಟಿಗೆ ಕೊಯ್ದು, ಒಟ್ಟಿಗೇ ಹಿಂಡುವ ಹಳೆಯ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಕಾಫಿಯ ನಡುವೆ ಮೆಣಸು, ಕಿತ್ತಳೆ, ಏಲಕ್ಕಿಯನ್ನು ಬೆಳೆದು ಒಂದು ಕೈಕೊಟ್ಟ ವರ್ಷ ಇನ್ನೊಂದರಿಂದ ಬದುಕುವ ನಮ್ಮ ಮನೆಯ ಲೆಕ್ಕಾಚಾರವೇ ಅದರ ಹಿಂದೆಯೂ ಇದೆ: ಹೂ ಬಿಡುವ ಹೊತ್ತಿನ ಹಿಮ ಒಂದು ತಳಿಯನ್ನು ಸುಟ್ಟರೂ ಇನ್ನೊಂದು ಉಳಿಯುತ್ತದೆ.

ಇದೇ ಎರಡನೆಯ ಜೋಸೆಫ್ 1784ರಲ್ಲಿ ಹೊರಡಿಸಿದ ಆಜ್ಞೆಯಿಂದ ಬೆಳೆಗಾರರಿಗೆ ತಮ್ಮ ಮನೆಯಂಗಳದಲ್ಲೇ ತಮ್ಮ ವೈನನ್ನು ಮಾರುವ ಹಕ್ಕು ದೊರೆಯಿತು. ಹಾಗೆ ಬೆಳೆದುಬಂದ ಅಂಗಳದ ಅಂಗಡಿಗಳಿಗೆ ಹೊಯ್ರಿಗರ್ ಎನ್ನುತ್ತಾರೆ. ಬಾಗಿಲಿಗೆ ಪೈನ್ ಕೊಂಬೆಯೊಂದನ್ನು ಕಟ್ಟಿದ್ದರೆ ಅಂಗಡಿ ತೆರೆದಿದೆಯೆಂದು ಅರ್ಥ. ಶರತ್ಕಾಲದ ಕೆಲವೇ ವಾರಗಳಲ್ಲಿ ಶ್ಟುರ್ಮ್ ಎಂಬ, ಇನ್ನೂ ಹುಳಿಯುತ್ತಿರುವ ಮಬ್ಬು ಬಣ್ಣದ ದ್ರಾಕ್ಷಿರಸ ಸಿಗುತ್ತದೆ. ಒಳಗೆ ಗಾಳಿ ಹುಟ್ಟುತ್ತಲೇ ಇರುವುದರಿಂದ ಅದರ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕುವಂತಿಲ್ಲ. ಆ ಕಾರಣಕ್ಕಾಗಿ ಅದನ್ನು ದೂರಕ್ಕೆ ಸಾಗಿಸುವುದೂ ಕಷ್ಟ, ಬೆಳೆದ ಊರಿಗೇ ಬಂದು ಕುಡಿಯಬೇಕು. ಬೇಡವೆನ್ನುವವರಿಗೆ ಹುಳಿಯದ ಸಿಹಿ ರಸವೂ ಇರುತ್ತದೆ.

ಕಾಫಿಯ ವಿಷಯ ಬರೆಯದಿದ್ದರೆ ಅಪ್ಪ ಕೇಳದೆ ಬಿಡುವುದಿಲ್ಲ. 1683ರಲ್ಲಿ ವಿಯೆನ್ನಾವನ್ನು ಮುತ್ತಿದ್ದ ತುರ್ಕರ ಸೇನೆ ಸೋತು ಹಿಂದಿರುಗುವಾಗ ಬಿಟ್ಟುಹೋದ ಚೀಲಗಳಿಂದ ಕಾಫಿ ಅಲ್ಲಿಗೆ ಬಂತೆಂದು ಕಥೆ ಹೇಳುತ್ತಾರೆ. ದಾಖಲೆಯ ಪ್ರಕಾರ ಮೊದಲು ಕಾಫಿ ಮಾರುವ ಅಪ್ಪಣೆ ಪಡೆದವನು ಯೊಹಾನೆಸ್ ಡಿಯೋಡಾಟೊ ಎಂಬ ಆರ್ಮೇನಿಯನ್ ವ್ಯಾಪಾರಿ, 1685ರಲ್ಲಿ. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂದು ಹೇಳುವುದೂ ಅದೇ ಹದಿನೇಳನೆಯ ಶತಮಾನದಲ್ಲಿ. ಅಲ್ಲಿಯ ಕಾಫಿ ಮನೆಯ ಸಂಸ್ಕೃತಿಯನ್ನು 2011ರಲ್ಲಿ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಸಣ್ಣ ಲೋಹದ ತಟ್ಟೆಯಲ್ಲಿ ಕಾಫಿಯ ಜೊತೆಗೆ ಒಂದು ಲೋಟ ನೀರನ್ನು ತಪ್ಪದೆ ತಂದಿಡುತ್ತಾರೆ. ಮರದ ಹಿಡಿಗೆ ಸಿಕ್ಕಿಸಿದ ದಿನಪತ್ರಿಕೆಗಳು ತೂಗುಹಾಕಿರುತ್ತವೆ. ಒಂದೇ ಕಾಫಿಗೆ ಎಷ್ಟು ಹೊತ್ತು ಕುಳಿತರೂ ಎಬ್ಬಿಸುವವರಿಲ್ಲ. ಹೊರಗೆ ಸೋನೆ ಮಳೆ ಹಿಡಿದ ಮಧ್ಯಾಹ್ನ ಅಲ್ಲಿ ಕುಳಿತಿದ್ದಾಗ, ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೂ ಓದುವ ಅಪ್ಪನಿಗಾಗಿಯೇ ಈ ಏರ್ಪಾಟು ಮಾಡಿದ್ದಾರೇನೋ ಎನಿಸಿತು.

ಆ ನೀರಿನ ಬಗ್ಗೆಯೂ ಹೇಳಬೇಕು. ಅದು ಪಕ್ಕದ ನದಿಯದಲ್ಲ, ಆಲ್ಪ್ಸ್ ಬೆಟ್ಟಗಳ ಒರತೆಯದು. ಕೊಳಕು ನೀರಿನಿಂದ ಊರಿನಲ್ಲಿ ರೋಗಗಳು ಹರಡುತ್ತಿದ್ದ ಕಾಲದಲ್ಲಿ, ಬೆಟ್ಟದ ನೀರನ್ನು ಊರಿಗೆ ಇಳಿಸುವ ಮೊದಲ ಕಾಲುವೆಯನ್ನು ಕಟ್ಟಿ 1873ರಲ್ಲಿ ತೆರೆದರು. ಎರಡನೆಯದು 1910ರಲ್ಲಿ ಮುಗಿಯಿತು. ಪಂಪಿನ ನೆರವಿಲ್ಲದೆ, ಇಳಿಜಾರಿನ ಬಲದಿಂದಲೇ ನೀರು ಊರನ್ನು ತಲಪುತ್ತದೆ. ಅಷ್ಟು ಹಿಂದೆ ಅಷ್ಟು ದೂರದ ಯೋಚನೆ ಮಾಡಿದವರ ಮೇಲೆ ನನಗೆ ಅಪಾರ ಗೌರವ ಮೂಡಿತು. ಬೇರೆಲ್ಲ ಅರಮನೆಗಳಿಗಿಂತ ಈ ನೀರೇ ಆ ಊರಿನ ದೊಡ್ಡ ಸಂಪತ್ತೆಂದು ನನಗನ್ನಿಸುತ್ತದೆ.

ಅರಮನೆಗಳನ್ನೂ ನೋಡಿದೆ, ಅವುಗಳ ಚಿತ್ರಗಳು ನಿಮಗೆ ಎಲ್ಲಿಯಾದರೂ ಸಿಗುವುದರಿಂದ ವರ್ಣಿಸುವುದಿಲ್ಲ. ಆದರೆ 1891ರಲ್ಲಿ ತೆರೆದ ಕಲಾ ಇತಿಹಾಸದ ಮ್ಯೂಸಿಯಂನಲ್ಲಿ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ. ಪೀಟರ್ ಬ್ರೂಗೆಲ್ 1565ರಲ್ಲಿ ಋತುಗಳನ್ನು ಕುರಿತು ಬರೆದ ಚಿತ್ರಮಾಲೆಯಲ್ಲಿ ಇಂದು ಐದು ಉಳಿದಿದ್ದು, ಮೂರು ವಿಯೆನ್ನಾದಲ್ಲಿವೆ. ಶರತ್ಕಾಲದ ಚಿತ್ರದಲ್ಲಿ, ಬೇಸಿಗೆಯೆಲ್ಲ ಎತ್ತರದ ಹುಲ್ಲುಗಾವಲಿನಲ್ಲಿ ಮೇಯ್ದ ದನಗಳು ಊರಿಗೆ ಇಳಿಯುತ್ತಿವೆ. ಕೋಲು ಹಿಡಿದ ದನಗಾಹಿಗಳು ಅವುಗಳ ಹಿಂದಿದ್ದಾರೆ. ಮರಗಳು ಬೋಳಾಗಿವೆ, ಆಕಾಶ ಒಂದು ಬದಿಯಿಂದ ಕಪ್ಪಾಗುತ್ತಿದೆ. ದನಗಳ ಬೆನ್ನು ನಮ್ಮ ಕಡೆಗಿರುವುದರಿಂದ ನಾವೂ ಅವುಗಳ ಹಿಂದೆಯೇ ಇಳಿಯುತ್ತಿರುವಂತೆ ತೋರುತ್ತದೆ. ಯಾವ ರಾಜನ ಚಿತ್ರವೂ ನನ್ನನ್ನು ಅಷ್ಟು ಹೊತ್ತು ನಿಲ್ಲಿಸಿಕೊಳ್ಳಲಿಲ್ಲ.

ಅಜ್ಜಿಗೆ ವಿಶೇಷವಾಗಿ ಹೇಳಬೇಕಾದದ್ದು ನವೆಂಬರ್ 1ರ ವಿಷಯ. ಅಂದು ಸರ್ವಸಂತರ ಹಬ್ಬ. ಊರಿಗೆ ಊರೇ ತೀರಿಕೊಂಡವರನ್ನು ಕಾಣಲು ಹೋಗುತ್ತದೆ. 71ನೇ ಸಂಖ್ಯೆಯ ಟ್ರಾಮಿನಲ್ಲಿ ಸೇವಂತಿಗೆಯ ಕುಂಡಗಳನ್ನೂ ಕೆಂಪು ಗಾಜಿನ ದೀಪಗಳನ್ನೂ ತೊಡೆಯ ಮೇಲಿಟ್ಟುಕೊಂಡ ಮುದುಕರು, ಮಕ್ಕಳು, ತರುಣರು ಕಿಕ್ಕಿರಿದಿದ್ದರು. ಕೇಂದ್ರ ಸ್ಮಶಾನವನ್ನು ತೆರೆದದ್ದು 1874ರ ಇದೇ ಹಬ್ಬದ ದಿನ. ಸುಮಾರು 2.5 ಚದರ ಕಿಲೋಮೀಟರ್ ವಿಸ್ತಾರದ ಆ ನೆಲದಲ್ಲಿ ಸುಮಾರು 30 ಲಕ್ಷ ಜನ ಮಲಗಿದ್ದಾರೆ. ಊರಿನಲ್ಲಿ ಈಗ ಬದುಕಿರುವವರಿಗಿಂತ ಅದು ಹೆಚ್ಚು. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಯೆಹೂದಿಗಳು, ಮುಸ್ಲಿಮರು, ಬೌದ್ಧರು, ಎಲ್ಲರಿಗೂ ಅಲ್ಲಿ ಜಾಗವಿದೆ. ಯೆಹೂದಿಗಳ ಹಳೆಯ ಭಾಗದಲ್ಲಿ ಮಾತ್ರ ದೀಪ ಹಚ್ಚುವವರು ಕಾಣಲಿಲ್ಲ. ಎಷ್ಟೋ ಕಲ್ಲುಗಳ ಮೇಲೆ ಬಳ್ಳಿ ಹಬ್ಬಿತ್ತು. ನಾಜಿಗಳ ಕಾಲದಲ್ಲಿ ಆ ಮನೆತನಗಳೇ ಊರು ಬಿಟ್ಟವು ಅಥವಾ ಕೊಲ್ಲಲ್ಪಟ್ಟವು. ಅಲ್ಲಿ ನಡೆಯುವಾಗ ಮನಸ್ಸು ಭಾರವಾಯಿತು, ಆದರೂ ಆ ಭಾಗವನ್ನು ನೋಡದೆ ಬರಬಾರದೆಂದೇ ನಾನು ಹೇಳುವುದು.

ಸಂಗೀತ ರಚನಕಾರರಾದ ಬೀಥೋವನ್ ಮತ್ತು ಶೂಬರ್ಟ್ ಅವರ ಅವಶೇಷಗಳನ್ನು 1888ರಲ್ಲಿ ಬೇರೆ ಸ್ಮಶಾನದಿಂದ ಇಲ್ಲಿಗೆ ತಂದು ಅಕ್ಕಪಕ್ಕದಲ್ಲಿ ಇರಿಸಿದರು. ಬ್ರಾಮ್ಸ್ ಕೂಡ ಹತ್ತಿರದಲ್ಲೇ ಇದ್ದಾರೆ. ವಾಲ್ಟ್ಸ್ ಸಂಗೀತದ ಯೊಹಾನ್ ಸ್ಟ್ರಾಸ್ ಹುಟ್ಟಿ ಈ ಅಕ್ಟೋಬರ್ 25ಕ್ಕೆ 200 ವರ್ಷ ತುಂಬಿತು, ಅವರ ಸಮಾಧಿಯೂ ಅಲ್ಲೇ. ಕತ್ತಲಾಗುತ್ತಾ ಬಂದಂತೆ ಎಲ್ಲೆಡೆ ಕೆಂಪು ದೀಪಗಳು ಬೆಳಗತೊಡಗಿದವು. ಅಳುವವರನ್ನು ನಾನು ಹೆಚ್ಚು ಕಾಣಲಿಲ್ಲ. ಜನರು ಎಲೆ ಗುಡಿಸುತ್ತಿದ್ದರು, ಕಲ್ಲು ಒರೆಸುತ್ತಿದ್ದರು, ಮಕ್ಕಳಿಗೆ ಹೆಸರುಗಳನ್ನು ಓದಿ ಹೇಳುತ್ತಿದ್ದರು. ಆ ಸಮಾಧಿಗಳ ನಡುವೆ ಜಿಂಕೆಗಳೂ ಬಿಲಗಳಲ್ಲಿ ವಾಸಿಸುವ ಹ್ಯಾಮ್‌ಸ್ಟರ್ ಎಂಬ ಕಾಡು ದಂಶಕಗಳೂ ಇವೆ. ಈ ಹ್ಯಾಮ್‌ಸ್ಟರ್‌ಗಳು ದೀಪದ ಮೇಣವನ್ನು ಕೆನ್ನೆಚೀಲದಲ್ಲಿ ತುಂಬಿಕೊಂಡು ಹೋಗುತ್ತವೆಂದು ಅಜ್ಜಿಗೆ ಹೇಳಿ, ಅವರಿಗೆ ಸಂತೋಷವಾಗುತ್ತದೆ.

ಆಸ್ಟ್ರಿಯಾದ ಇಂದಿನ ಸ್ವಾತಂತ್ರ್ಯವೂ ಒಂದು ಶರತ್ಕಾಲದ್ದೇ. ಯುದ್ಧದ ನಂತರ ಹತ್ತು ವರ್ಷ ನಾಲ್ಕು ದೇಶಗಳ ಸೇನೆಗಳು ಅಲ್ಲಿ ಬೀಡುಬಿಟ್ಟಿದ್ದವು. 1955ರ ಅಕ್ಟೋಬರಿನಲ್ಲಿ ಕೊನೆಯ ವಿದೇಶಿ ಸೈನಿಕರು ಹೊರಟುಹೋದರು, 26ರಂದು ಸಂಸತ್ತು ತಟಸ್ಥ ನೀತಿಯ ಕಾನೂನನ್ನು ಅಂಗೀಕರಿಸಿತು, ಬಾಂಬಿಗೆ ಸಿಕ್ಕಿ ಸುಟ್ಟಿದ್ದ ಆಪೆರಾ ಮಂದಿರ ನವೆಂಬರ್ 5ರಂದು ಬೀಥೋವನ್‌ನ ‘ಫಿಡೆಲಿಯೊ’ದೊಂದಿಗೆ ಮತ್ತೆ ತೆರೆಯಿತು. ನಾಡಿದ್ದಿಗೆ ಅದಕ್ಕೆ ಸರಿಯಾಗಿ 70 ವರ್ಷ. ಅಲ್ಲಿ ನಿಂತು ನೋಡುವವರಿಗೆ ಇಂದಿಗೂ ಅಗ್ಗದ ಟಿಕೆಟ್ ಕೊಡುತ್ತಾರೆ. ನಾನೂ ಹಾಗೆಯೇ ಒಂದು ಸಂಜೆ ನಿಂತು ಕೇಳಿದೆ, ಆದರೆ ನಿಮಗೆ ಕುರ್ಚಿಯ ಟಿಕೆಟ್ ತೆಗೆದುಕೊಡುತ್ತೇನೆ.

ಅಮ್ಮನ ಪ್ರಶ್ನೆಗಳಿಗೆ ಉತ್ತರ. ಹಗಲಿನಲ್ಲಿ ಚಳಿ ನಮ್ಮ ಜನವರಿಯ ಮುಂಜಾವಿಗಿಂತ ಸ್ವಲ್ಪ ಹೆಚ್ಚು, ಒಂದು ದಪ್ಪ ಕೋಟು ಸಾಕು, ಅದನ್ನು ಇಲ್ಲಿಯೇ ಕೊಳ್ಳೋಣ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ಆಮೇಲೆ ಸಂಜೆ 5ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಊಟಕ್ಕೆ ತೊಂದರೆಯಿಲ್ಲ: ಗಾಢ ಹಸಿರು ಬಣ್ಣದ ಕುಂಬಳಬೀಜದ ಎಣ್ಣೆ ಹಾಕಿದ ಸಿಹಿಕುಂಬಳದ ಸೂಪು, ಬೀದಿಯ ಗಾಡಿಗಳಲ್ಲಿ ಕೆಂಡದ ಮೇಲೆ ಸುಟ್ಟು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಬಿಸಿ ಚೆಸ್ಟ್‌ನಟ್, ಸೇಬು ತುಂಬಿದ ಸ್ಟ್ರೂಡೆಲ್ ಎಂಬ ಸಿಹಿತಿಂಡಿ, ಇವೆಲ್ಲ ಸಿಗುತ್ತವೆ. ಸೂಪನ್ನು ಮಾಂಸದ ಸಾರಿನಲ್ಲಿ ಕುದಿಸಿರಬಹುದಾದ್ದರಿಂದ ಕೇಳಿಯೇ ತೆಗೆದುಕೊಳ್ಳಬೇಕು, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಇನ್ನು ಕಾಲದ ಹೊಂದಾಣಿಕೆ. ಮೇ ತಿಂಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಗೊಬ್ಬರ ಎಂದು ತೋಟದಲ್ಲಿ ಕೈತುಂಬ ಕೆಲಸ. ಮಳೆ ಹಿಡಿಯುವ ಮೊದಲು ಎಲ್ಲವೂ ಮುಗಿಯಬೇಕು, ಅದನ್ನು ಬಿಟ್ಟು ಬಂದರೆ ಅಪ್ಪನ ಮನಸ್ಸು ಇಲ್ಲಿ ನಿಲ್ಲುವುದಿಲ್ಲ. ಅಕ್ಟೋಬರ್ ಕೊನೆಯಲ್ಲಾದರೆ ಹಣ್ಣು ಕೆಂಪಾಗಿ ಕೊಯ್ಲು ಬಿರುಸಾಗಲು ಇನ್ನೂ ಸಮಯವಿರುತ್ತದೆ. ಮುಂದಿನ ವರ್ಷ ಅಧಿಕಮಾಸ ಬರುವುದರಿಂದ ದಸರಾ ಅಕ್ಟೋಬರಿನ ಮೂರನೆಯ ವಾರಕ್ಕೆ, ದೀಪಾವಳಿ ನವೆಂಬರಿನ ಎರಡನೆಯ ವಾರಕ್ಕೆ ಬೀಳುತ್ತವೆ. ಆಯುಧಪೂಜೆ ಮುಗಿಸಿ ಹೊರಟರೆ ದೀಪಾವಳಿಯ ಹೊತ್ತಿಗೆ ಮನೆಯಲ್ಲಿರಬಹುದು. ಹೆಚ್ಚು ದಿನ ನನ್ನ ಮನೆಯಲ್ಲೇ ತಂಗುವುದರಿಂದ ಜರ್ಮನಿಯ ವೀಸಾಕ್ಕೆ ಅರ್ಜಿ ಹಾಕಬೇಕು. ಅದೇ ವೀಸಾದಲ್ಲಿ ವಿಯೆನ್ನಾಕ್ಕೂ ಹೋಗಿಬರಬಹುದು. ಇಬ್ಬರ ಪಾಸ್‌ಪೋರ್ಟುಗಳ ಅವಧಿ ಎಂದಿನವರೆಗೆ ಇದೆಯೆಂದು ನೋಡಿ ತಿಳಿಸಿದರೆ, ಆಹ್ವಾನಪತ್ರದ ಕೆಲಸವನ್ನು ನಾನು ಇಲ್ಲಿ ಆರಂಭಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು